ಸಿಲ್ವರ್ ಓಕಿನ ಗಿಟಾರ್

ಕುಶಾಲನಗರ
14-7-2024, ಭಾನುವಾರ

ಪ್ರೀತಿಯ ದಿವ್ಯಾ,

ನೀನೂ ಪುಟ್ಟಿಯೂ ಅರಕಲಗೂಡಿನಲ್ಲಿ ತವರಿನ ಆರೈಕೆಯಲ್ಲಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ವಾರಗಟ್ಟಲೆ ಫೋನ್ ಎತ್ತದೆ ಸತಾಯಿಸಿ, ಈಗ ತಾತನ ಕಾಲದವನ ಹಾಗೆ ಕಾಗದ ಬರೆಯುತ್ತಿದ್ದಾನಲ್ಲ ಎಂದು ಬೈಯುತ್ತೀಯ. ಬೈಯಿ, ಆದರೆ ಪೂರ್ತಿ ಓದಿ ಬೈಯಿ. ನನಗೆ ಹೆದರಿಕೆಯಾಗಿದೆ. ನನ್ನ ಕಿವಿ ಕೈಕೊಡುತ್ತಿದೆ ಕಣೆ.

ಗೊತ್ತಾದದ್ದು ಪ್ರಸಾದನ ಗಿಟಾರಿನಿಂದ. ಸಿದ್ದಾಪುರದ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾನಲ್ಲ, ಅವನೇ. ಎಸ್ಟೇಟಿನಲ್ಲಿ ಕಡಿದ ಸಿಲ್ವರ್ ಓಕ್ ಹಲಗೆ ತಂದು, "ಅಣ್ಣಾ, ಇದ್ರಲ್ಲೇ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡ್ಕೊಡಿ" ಎಂದಿದ್ದ. ಮಾಡಿದೆ. ತಂತಿ ಕಟ್ಟಿ ಮೀಟಿದರೆ ಕಂಬಳಿ ಹೊದ್ದು ಮಾತಾಡಿದ ಹಾಗೆ ಸದ್ದು. ಮಳೆಗಾಲವಲ್ಲವೇ, ಮರ ಇನ್ನೂ ಹಸಿ ಇರಬೇಕು ಎಂದು ಮರವನ್ನೇ ಬೈದೆ. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪನ್ನು, ತಂತಿಗಳ ಬುಡ ಕೂರುವ ಬ್ರಿಡ್ಜಿನ ಪಕ್ಕಕ್ಕೆ ಸರಿಸಿದೆ. ಅಲ್ಲಿ ನಾದ ಚೂಪಾಗುತ್ತದೆ. ಸಾಲಲಿಲ್ಲ. ಪಿಕಪ್ಪಿನ ತಾಮ್ರದ ಎಳೆ ಬಿಚ್ಚಿ ಸುತ್ತು ಕಡಿಮೆ ಮಾಡಿದೆ. ಸುತ್ತು ಇಳಿದಷ್ಟೂ ದನಿ ತೆಳ್ಳಗಾಗಿ ಬಿಚ್ಚಿಕೊಳ್ಳುತ್ತದೆ. ಅದೂ ಸಾಲದೆ, ಮೇಲಿನ ಸ್ವರಗಳನ್ನು ನುಂಗುವ ಟೋನ್ ಕೆಪಾಸಿಟರನ್ನೇ ಕಿತ್ತೆ. ಆಗ ಸರಿ ಅನ್ನಿಸಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪ್ರಸಾದ್ ಬಂದು ಆಂಪ್ಲಿಫೈಯರಿಗೆ ಹಾಕಿ ಒಮ್ಮೆ ಮೀಟಿದ. ತಕ್ಷಣ ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿದ.

"ಇದೇನಣ್ಣಾ, ತಗಡು ಕೆರ್ದಂಗದೆ! ನಿಮ್ಗೆ ಗೊತ್ತಾಯ್ತಿಲ್ವಾ?"

"ನಿಂಗೆ ಅಭ್ಯಾಸ ಇಲ್ಲ. ಸುಮ್ನೆ ನುಡ್ಸು" ಎಂದು ಗದರಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನು ಗಿಟಾರನ್ನು ಗೋಡೆಗೆ ಒರಗಿಸಿ ಹೊರಟುಹೋದ.

ಆಮೇಲೆ ನಮ್ಮ ಮದುವೆಯ ವರ್ಷ ಮಾಡಿದ ಹಲಸಿನ ಮರದ ಗಿಟಾರನ್ನು ಇಳಿಸಿದೆ. ಗಂಟೆ ಹೊಡೆದ ಹಾಗಿದೆ ಎಂದು ಬಂದವರೆಲ್ಲ ಹೊಗಳುತ್ತಾರಲ್ಲ, ಅದು. ಮೀಟಿದರೆ ಅದಕ್ಕೂ ಅದೇ ಕಂಬಳಿ. ಆ ಮರ ಒಣಗಿ ಎಷ್ಟೋ ವರ್ಷವಾಯಿತು. ಅದರ ಪಿಕಪ್ಪನ್ನಾಗಲಿ ಬ್ರಿಡ್ಜನ್ನಾಗಲಿ ನಾನು ಮುಟ್ಟಿಲ್ಲ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟೆ, ದಿವ್ಯಾ.

ಫೋನಿನಲ್ಲೂ ಇದೇ ಗತಿ. ನಿನ್ನ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ನಾನು "ಹೂಂ, ಹೂಂ" ಎನ್ನುತ್ತಿದ್ದದ್ದೆಲ್ಲ ಅಂದಾಜು. "ನನ್ ಮಾತು ಕೇಳೋಕೂ ಪುರ್ಸೊತ್ತಿಲ್ವೇನ್ರೀ?" ಎಂದೆಯಲ್ಲ, ಅದೊಂದು ಮಾತ್ರ ಚೆನ್ನಾಗಿ ಕೇಳಿಸಿತು. ಆವತ್ತಿನಿಂದ ಫೋನ್ ಎತ್ತಲು ಧೈರ್ಯ ಬರಲಿಲ್ಲ.

ನಾಳೆ ಮೈಸೂರಿಗೆ ಕಿವಿ ಪರೀಕ್ಷೆಗೆ ಹೋಗುತ್ತೇನೆ. ಮರ ಕೊರೆಯುವ ಮೆಷಿನ್ನಿನ ಸದ್ದಿಗೆ ಹೀಗಾಗಿದೆ ಎಂದು ಡಾಕ್ಟರ್ ಹೇಳಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ನೀನು ಬಡಕೊಂಡರೂ ನಾನು ಇಟ್ಟುಕೊಳ್ಳಲಿಲ್ಲ. ಅಷ್ಟೇ ಆಗಿದ್ದರೆ ಅದು ನನ್ನೊಬ್ಬನ ಕರ್ಮ, ಅನುಭವಿಸುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ತಣ್ಣೀರು ಮುಟ್ಟಬೇಡ. ಪುಟ್ಟಿಗೆ ಐದು ತಿಂಗಳು ತುಂಬಿತಲ್ಲ, ಗಟ್ಟಿಮುಟ್ಟಾಗಿ ನೂರು ವರ್ಷ ಬಾಳಲಿ ನಮ್ಮ ಕೂಸು.

ನಿನ್ನ
ಮಹೇಶ

ತಾ.ಕ.: ಮೆಷಿನ್ನಿನದೇ ತಪ್ಪಾಗಿರಲಿ ಎಂದು ಯಾಕೆ ಬೇಡುತ್ತೇನೆ ಗೊತ್ತೇ? ನಮ್ಮವ್ವನಿಗೆ ನನ್ನ ವಯಸ್ಸಿಗೇ ಕಿವಿ ಹೋಗಿತ್ತು. ಅವಳ ಅಪ್ಪನಿಗೂ ಹಾಗೇ. ಅವರ್ಯಾರೂ ಮೆಷಿನ್ ಮುಟ್ಟಿದವರಲ್ಲ. ನೀನು ಬರುವ ಮೊದಲೇ ಅವ್ವ ತೀರಿಕೊಂಡಳು, ನೀನು ಕಂಡಿಲ್ಲ. ಪುಟ್ಟಿ ಆಡುತ್ತಿರುವಾಗ ಹಿಂದೆ ನಿಂತು ಮೆಲ್ಲಗೆ ಕರೆದು ನೋಡು. ನಿನ್ನ ಮುಖ, ನೆರಳು ಅವಳಿಗೆ ಕಾಣಬಾರದು. ತಿರುಗಿದಳೋ ಇಲ್ಲವೋ, ಇದ್ದದ್ದನ್ನು ಇದ್ದ ಹಾಗೇ ಬರೆ. ನನ್ನ ಸಮಾಧಾನಕ್ಕೆಂದು ಸುಳ್ಳು ಬರೆಯಬೇಡ.