ಒಂದೇ ಹಗ್ಗದ ಎರಡು ಪಾಲು

ಮತ್ತೋಡು,
೧೨ ಫೆಬ್ರುವರಿ ೨೦೨೫

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ನೀನು ಕುರಿ ಮೇಯಿಸುತ್ತಿರುವ ಹೊಳಲ್ಕೆರೆ ಕಡೆ ಇನ್ನೂ ಚಳಿ ಇದೆ ಎಂದು ಅಮ್ಮ ಇನ್ನೊಂದು ಕಂಬಳಿ ಕಳಿಸಿದ್ದಾಳೆ, ಹೊದ್ದುಕೋ. ನೀನೂ ಕುರಿಗಳೂ ಚೆನ್ನಾಗಿದ್ದೀರಿ ಎಂದುಕೊಂಡು ಇನ್ನು ಜಗಳಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳಿದರೆ "ಆತು ಬಿಡವ್ವ" ಎಂದು ಕಟ್ ಮಾಡುತ್ತೀಯ. ಅದಕ್ಕೇ ನಿನಗೆ ರೇಷನ್ ತರುವ ಬೀರಪ್ಪನ ಕೈಲಿ ಇದನ್ನು ಕಳಿಸುತ್ತಿದ್ದೇನೆ.

ರಸ್ತೆ ಬದಿಯ ನಮ್ಮ ಜಾಗವನ್ನು ಚಿಕ್ಕಪ್ಪ ನಿನ್ನೆ ಪಾಲು ಮಾಡಿದ. ಹೇಗೆ ಗೊತ್ತಾ? ನಾನೂರು ಅಡಿ ಹಗ್ಗ ತಂದು ಮೊದಲು ಒಂದು ಪಾಲಿನ ಸುತ್ತ ಎಳೆದ, ಆಮೇಲೆ ಇನ್ನೊಂದರ ಸುತ್ತ. ಎರಡಕ್ಕೂ ಸರಿಹೋಯಿತು. "ನೋಡ್ರಿ, ಎರಡೂ ಸಮ ಐತೆ" ಎಂದು ಎದೆಯುಬ್ಬಿಸಿದ. ಪಾಲು ನೋಡಲು ಬಂದಿದ್ದ ಓಬಳೇಶಪ್ಪ ಸೇರಿ ಊರ ಹಿರಿಯರೆಲ್ಲ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಪಾಲು ನೂರು ಅಡಿ ಉದ್ದ, ನೂರು ಅಡಿ ಅಗಲ: ಹತ್ತು ಸಾವಿರ ಚದರ ಅಡಿ. ನಮ್ಮದು ನೂರಾ ಅರವತ್ತು ಉದ್ದ, ಬರೀ ನಲವತ್ತು ಅಗಲ: ಆರು ಸಾವಿರದ ನಾನೂರು. ಮೂಲೆಮಟ್ಟ ಹಿಡಿದು ಎಲ್ಲ ಮೂಲೆ ನೋಡಿದ್ದೇನೆ, ತೊಂಬತ್ತು ಡಿಗ್ರಿಯೇ. ಸುತ್ತಳತೆ ಒಂದೇ, ವಿಸ್ತೀರ್ಣ ಒಂದೇ ಅಲ್ಲ! ಒಂಬತ್ತನೇ ಕ್ಲಾಸಿನವಳು ಇಷ್ಟು ಹೇಳಿದ್ದಕ್ಕೆ "ಪುಸ್ತಕದ್ದು ಪುಸ್ತಕದಾಗೇ ಇರ್ಲಿ, ಹೋಗವ್ವ" ಅಂದರು.

ನಿನಗೆ ಪುಸ್ತಕವೇ ಬೇಡ. ಹೋದ ವರ್ಷ ಬೀರಪ್ಪ ರಾತ್ರಿ ಮಂದೆಯ ಸುತ್ತ ಕಟ್ಟುವ ಬಲೆಯನ್ನು ಉದ್ದಕ್ಕೆ ಎಳೆದು ಕಟ್ಟಿದಾಗ "ಲೇ, ಹಿಂಗೆ ಕಟ್ಟಿದ್ರೆ ಕುರಿ ಎಲ್ಲಿ ಮಲಗ್ತವೆ?" ಎಂದು ಬೈದವನು ನೀನು. ಅದೇ ಬಲೆಯನ್ನು ಚೌಕಕ್ಕೆ ಕಟ್ಟಿಸಿದ ಮೇಲೆ ಎಲ್ಲ ಕುರಿಗಳೂ ಹಾಯಾಗಿ ಮಲಗಿದವು. ಇದೂ ಅಷ್ಟೇ. ಸೋಮವಾರ ಹೊಸದುರ್ಗದಲ್ಲಿ ಪಾಲುಪತ್ರಕ್ಕೆ ಸಹಿ ಹಾಕಬೇಡ. ಪಾಪದವನು ಎಂದು ನಿನಗೆ ಹೀಗೆ ಟೋಪಿ ಹಾಕುವುದನ್ನು ನನ್ನಿಂದ ನೋಡಲಾಗುತ್ತಿಲ್ಲ.

ಅಮ್ಮ ನಿನ್ನನ್ನು ಕೇಳಿದ್ದಾಳೆ. ಮಾತ್ರೆ ತಪ್ಪಿಸಬೇಡ.

ಸಿಟ್ಟಿನಲ್ಲಿರುವ ನಿನ್ನ ಮಗಳು,
ನೇತ್ರಾವತಿ

ತಾ.ಕ.: ಬೀರಪ್ಪ ಹೊರಟು ನಿಂತಿದ್ದಾನೆ. ಚಿಕ್ಕಪ್ಪನ ಪಕ್ಕದ ಮನೆಯ ಚಂದ್ರಕ್ಕ ಈಗಷ್ಟೇ ಬಂದು ಹೇಳಿದಳು. ಹಗ್ಗದ ಉಪಾಯ ಚಿಕ್ಕಪ್ಪನದಲ್ಲವಂತೆ, ನಿನ್ನದಂತೆ. "ನಿಂಗೆ ಇಬ್ರು ಗಂಡುಮಕ್ಳು. ನನ್ನ ಮಗಳು ಮದ್ವೆಯಾಗಿ ಹೋಗೋಳು. ದೊಡ್ಡದು ನೀನೇ ಇಟ್ಕ. ಹಗ್ಗ ಹಿಡಿದ್ರೆ ಎರಡೂ ಸಮ ಕಾಣ್ತವೆ" ಎಂದು ಫೋನಿನಲ್ಲಿ ನೀನೇ ಹೇಳಿದ್ದು ಗೋಡೆಯಾಚೆ ಅವಳಿಗೆ ಕೇಳಿಸಿತಂತೆ, ಚಿಕ್ಕಪ್ಪ ಸ್ಪೀಕರ್ ಹಾಕಿಕೊಂಡಿದ್ದನಂತೆ. ನಿನಗೆ ಗೊತ್ತಿಲ್ಲವೆಂದು ಇಷ್ಟು ಹೊತ್ತು ಕೂತು ಬರೆದೆನಲ್ಲ! ಸೋಮವಾರ ಮೊದಲು ಮನೆಗೆ ಬಾ. ಸಹಿ ಹಾಕಲೇಬೇಕೆಂದಿದ್ದರೆ ನನ್ನ ಮುಖ ನೋಡಿಕೊಂಡು ಹಾಕು.