ಏಳನೇ ಮನೆಯಲ್ಲಿ ತೂತು

ಮಾರ್ಚ್ 4, ಮಂಗಳವಾರ

ಪ್ರೆಸ್ಸಿನಿಂದ ನೇರ ಹಾಲ್‌ಗೆ. ಸೆಕ್ರೆಟರಿ ಎಂಬ ಪದವಿ ತಲೆ ಮೇಲಿದೆಯಲ್ಲ, ನೋಟಿಸ್ ಬೋರ್ಡಿಗೆ ಈ ವಾರದ ಬ್ಯಾಂಡ್ ಸಮಾಚಾರ ಅಂಟಿಸಿದೆ. ಭಾನುವಾರ ಪಾರ್ಕಿನ ಕಾರ್ಯಕ್ರಮ ಚೆನ್ನಾಗಿ ಆಯಿತು. ಡ್ರಮ್ಮಿಗೆ ಹೊಸ ಚರ್ಮ ಬಂತು. ಏಪ್ರಿಲ್ 20ಕ್ಕೆ ಸ್ಪರ್ಧೆ, ಹನ್ನೊಂದು ಬ್ಯಾಂಡ್‌ಗಳು. ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ವಾದ್ಯ ಹೊರುವ ಬೇಕರಿಯವರು ಓದಿ, ‘ನನ್ನ ಕೋಟಿನ ಗುಂಡಿ ಕಿತ್ತು ಹೋಗಿದ್ದು ಹಾಕಿಲ್ವಲ್ಲ’ ಎಂದರು. ಹೊಟ್ಟೆ ಇಳಿಸಿ, ಅದನ್ನೂ ಹಾಕ್ತೀನಿ ಎಂದೆ.

ಸ್ಪರ್ಧೆಯಲ್ಲಿ ನುಡಿಸಬೇಕಾದ ಸ್ವರಗಳ ಹಾಳೆ ಕೈಗೆ ಬಂತು. ನಡುವೆ ಹದಿನಾರು ಮನೆಗಳ ನಿಧಾನದ ರಾಗ. ಹಾಳೆಯಲ್ಲಿ ಎರಡು ಗೆರೆಗಳ ನಡುವಿನ ಜಾಗಕ್ಕೆ ನಮ್ಮ ಮೇಷ್ಟ್ರು ಮನೆ ಅನ್ನುತ್ತಾರೆ. ಆ ರಾಗ ಪೂರ್ತಿ ನಮ್ಮದು — ಅಕ್ಕನದು, ನನ್ನದು. ಎರಡು ಯೂಫೋನಿಯಮ್, ಊದುವ ಹಿತ್ತಾಳೆ ಹಾರ್ನ್, ಮಡಿಲಲ್ಲಿ ದಪ್ಪ ಕೂಸಿನ ಹಾಗೆ. ಕೇಳುವವರಿಗೆ ಒಂದೇ ದನಿ, ಎಲ್ಲೂ ಉಸಿರು ತೆಗೆದದ್ದು ಗೊತ್ತಾಗಬಾರದು. ಅದಕ್ಕೆ ಮೂವತ್ತೊಂದು ವರ್ಷದ ಒಪ್ಪಂದವಿದೆ. ನಾನು ಉಸಿರೆಳೆಯುವಾಗ ಅವಳು ಹಿಡಿದಿರಬೇಕು, ಅವಳು ಎಳೆಯುವಾಗ ನಾನು. ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡೆವು. ನನಗೆ ಮೂರು, ಏಳು, ಹನ್ನೊಂದು. ಅವಳಿಗೆ ಐದು, ಒಂಬತ್ತು, ಹದಿಮೂರು.

ನನಗೆ ಊದಲು ಕಲಿಸಿದವಳೇ ಅವಳು. ಈ ಸಲ ಗೆಲ್ಲದಿದ್ದರೆ ಇನ್ನು ಯಾವ ಸಲವೂ ಇಲ್ಲ.

ಮಾರ್ಚ್ 11, ಮಂಗಳವಾರ

ಮೇಷ್ಟ್ರು ಮೂರು ಸಲ ಕೋಲು ತಟ್ಟಿ ನಿಲ್ಲಿಸಿದರು.

‘ಏಳನೇ ಮನೇಲಿ ದನಿ ನಿಂತು ತೂತು ಬೀಳ್ತಿದೆ. ಯಾರದು?’

ಎಲ್ಲರೂ ಬೂಟು ನೋಡಿಕೊಂಡರು. ನನಗೆ ಸುಮ್ಮನಿರಲಾಗಲಿಲ್ಲ. ಪ್ರೂಫ್ ನೋಡುವ ಕೆಲಸ, ತಪ್ಪು ಹುಡುಕುವುದೇ ಹೊಟ್ಟೆಪಾಡು; ಕಿವಿಗೂ ಅದೇ ಚಾಳಿ ಹತ್ತಿದೆ. ಏಳರಲ್ಲಿ ನಾನು ಉಸಿರೆಳೆಯುತ್ತೇನೆ, ಸರಿ. ಅಕ್ಕ ಹಿಡಿದಿರುತ್ತಾಳೆ. ಉಳಿದವರು ಯಾರು? ಅಕ್ಕನ ಆ ಪಕ್ಕದಲ್ಲಿ ಸಣ್ಣ ಹಾರ್ನ್ ಹಿಡಿದ ಟೈಲರಮ್ಮ. ಅಕ್ಟೋಬರ್‌ನಲ್ಲಿ ಸೇರಿದವರು.

‘ಟೈಲರಮ್ಮನ ಕಡೆಯಿಂದ ಇರಬಹುದು’ ಎಂದೆ.

‘ಏಳನೇ ಮನೇಲಿ ನನ್ನ ಹಾಳೇಲಿ ಬೇರೆ ಸ್ವರ ಇದೆ ಸರ್. ಅದನ್ನೇ ಊದ್ತಿದೀನಿ’ ಎಂದರು.

ಟೈಲರಮ್ಮ ಅಕ್ಕನನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಸಿಕ್ಕಿಬಿದ್ದವರ ನೋಟ ಎಂದುಕೊಂಡೆ.

ಮಾರ್ಚ್ 14, ಶುಕ್ರವಾರ

ಮತ್ತೆ ತೂತು. ಪ್ರಾಕ್ಟೀಸ್ ಮುಗಿದ ಮೇಲೆ ಕಮಿಟಿ, ಐದು ಜನ. ಸ್ಪರ್ಧೆ ಮುಗಿಯುವವರೆಗೆ ಟೈಲರಮ್ಮ ಹೊರಗಿರಲಿ ಎಂದು ನಾನೇ ಮಂಡಿಸಿದೆ. ಮೇಷ್ಟ್ರು ಬೇಡ ಎಂದರು. ಡ್ರಮ್ಮಿನವರೂ ಬೇಡ ಎಂದರು. ಬೇಕರಿಯವರು ನನ್ನ ಕಡೆ. ಎರಡಕ್ಕೆ ಎರಡು. ಅಕ್ಕ ಬಹಳ ಹೊತ್ತು ಮಡಿಲು ನೋಡುತ್ತಾ ಕೂತಿದ್ದಳು. ಆಮೇಲೆ ಕೈ ಎತ್ತಿದಳು. ನನ್ನ ಕಡೆಗೆ.

ಮಿನಿಟ್ಸ್ ಪುಸ್ತಕದಲ್ಲಿ ಬರೆದೆ — ಏಳನೇ ಮನೆಯ ದೋಷಕ್ಕೆ ಸಣ್ಣ ಹಾರ್ನ್ ಕಾರಣ. ಅಕ್ಷರ ಸುಂದರವಾಗಿ ಬಂದಿದೆ.

ಮಾರ್ಚ್ 15, ಶನಿವಾರ

ಟೈಲರಮ್ಮ ಹಾರ್ನ್ ಮನೆಗೇ ತಂದುಕೊಟ್ಟರು. ಉಜ್ಜಿ ಹೊಳೆಯಿಸಿದ್ದಾರೆ, ತಾವೇ ಹೊಲಿದ ಚೀಲದಲ್ಲಿ ಹಾಕಿದ್ದಾರೆ. ‘ಚೀಲ ಬ್ಯಾಂಡಿಗೇ ಇರಲಾ?’ ಎಂದು ನಾನು ಕೇಳಿದ್ದಕ್ಕೆ ನನ್ನ ಹೆಂಡತಿ ಒಳಗಿನಿಂದ ಬಂದು ನನ್ನನ್ನು ಒಂಥರಾ ನೋಡಿದಳು.

ಮಾರ್ಚ್ 18, ಮಂಗಳವಾರ

ಇದೇನು ಗ್ರಹಚಾರ. ತೂತು ಹೋಗಿಲ್ಲ. ಈಗ ಮೂರು ಕಡೆ ಬೀಳುತ್ತಿದೆ. ಮೂರು, ಏಳು, ಹನ್ನೊಂದು. ಮೂರೂ ನಾನು ಉಸಿರೆಳೆಯುವ ಜಾಗ…

ಹಾಗಾದರೆ ನನ್ನದೇ? ಉಸಿರು ಉದ್ದವಾಗುತ್ತಿದೆಯೇ? ತಿರುಗಿ ಸ್ವರ ಹಿಡಿಯುವುದು ತಡವಾಗುತ್ತಿದೆಯೇ? ಕಿವಿಯೆಲ್ಲ ಬಿಸಿಯಾಯಿತು. ಅಕ್ಕ ನನ್ನ ಮಂಡಿ ತಟ್ಟಿ, ‘ನಿಂಗೂ ವಯಸ್ಸಾಯ್ತು ಕಣೋ’ ಎಂದಳು. ಅದರಲ್ಲಿ ಸಮಾಧಾನವಿತ್ತು.

ಮಾರ್ಚ್ 20, ಗುರುವಾರ

ಅರ್ಧ ದಿನ ರಜೆ. ಡಾಕ್ಟರ್ ನಳಿಕೆಯೊಂದರಲ್ಲಿ ಊದಿಸಿದರು. ಮುಳ್ಳು ಕೊನೆ ಮುಟ್ಟಿತು. ‘ಇಬ್ಬರಿಗಾಗೋಷ್ಟು ಉಸಿರಿದೆ ನಿಮ್ಹತ್ರ. ಯಾಕೆ ಬಂದ್ರಿ?’ ಎಂದರು.

ಮಾರ್ಚ್ 21, ಶುಕ್ರವಾರ. ಸಂಜೆ 6

ಬೇಗ ಬಂದೆ. ಹಾಲ್‌ನಲ್ಲಿ ನೆಲ ಒರೆಸುವ ಅಜ್ಜಿ ಒಬ್ಬರೇ. ‘ನಿಮ್ಮ ಜಾಗ ಬರೀ ಕೊಚ್ಚೆ ಕಣಪ್ಪ’ ಎಂದರು. ಊದಿದರೆ ಹಾರ್ನಿನೊಳಗೆ ನೀರು ಕಟ್ಟುತ್ತದೆ ಅಜ್ಜಿ, ಆಗಾಗ ಕೆಳಗೆ ಬಿಡಲೇಬೇಕು ಎಂದೆ.

‘ಗೊತ್ತು ಬಿಡಿ. ಎಲ್ಲರ ಕುರ್ಚಿ ಕೆಳಗೂ ಒರೆಸ್ತೀನಿ. ನಿಮ್ಮಕ್ಕ ಒಬ್ರೇ ನೋಡಿ ಶುಚಿ. ನಾಲ್ಕು ತಿಂಗಳಾಯ್ತು, ಒಂದು ಹನಿ ಬಿದ್ದಿಲ್ಲ.’

ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಊದಿದರೆ ನೀರು ಕಟ್ಟದೆ ಇರುವುದಿಲ್ಲ. ಶುಚಿಗೂ ಅದಕ್ಕೂ ಸಂಬಂಧವಿಲ್ಲ. ನಾಲ್ಕು ತಿಂಗಳು — ಒಂದು ಹನಿ —

ಅಕ್ಕ ಬಂದಳು. ಉಳಿದದ್ದು ಆಮೇಲೆ.

ಅದೇ ದಿನ, ರಾತ್ರಿ 8

ನಾಲ್ಕನೇ ಮನೆಯಲ್ಲಿ ಕೆಮ್ಮು ಬಂದವನ ಹಾಗೆ ಹಾರ್ನ್ ಇಳಿಸಿದೆ. ಅಕ್ಕನ ಕಡೆ ಕಿವಿಯಿಟ್ಟೆ.

ಏನೂ ಇಲ್ಲ.

ಬೆರಳುಗಳು ಸರಿಯಾದ ಸ್ವರಕ್ಕೆ ಒತ್ತುತ್ತಿವೆ. ಕೆನ್ನೆ ಬಿಗಿಯಾಗಿದೆ. ಕಣ್ಣು ಹಾಳೆಯ ಮೇಲೆ. ದನಿ ಇಲ್ಲ. ಐದನೇ ಮನೆ ಬಂದಾಗ ಭುಜ ಎತ್ತಿ ಉಸಿರೆಳೆದಳು. ಒಪ್ಪಂದದ ಪ್ರಕಾರ. ಯಾತಕ್ಕೂ ಬೇಡದ ಉಸಿರು.

ಮನೆವರೆಗೂ ಜೊತೆಯಲ್ಲೇ ನಡೆದು ಬಂದೆವು. ಟೊಮೆಟೊ ಬೆಲೆಯ ಬಗ್ಗೆ ಮಾತಾಡಿದಳು. ಹೂಂ ಎಂದೆ.

ಮಾರ್ಚ್ 29, ಶನಿವಾರ

ಎಂಟು ದಿನ ಪೆನ್ನು ಮುಟ್ಟಿಲ್ಲ. ಮಂಗಳವಾರ ಜ್ವರ ಎಂದು ಸುಳ್ಳು ಹೇಳಿ ಪ್ರಾಕ್ಟೀಸ್ ತಪ್ಪಿಸಿದೆ. ಶುಕ್ರವಾರವೂ ಜ್ವರ ಬಿಡಲಿಲ್ಲ. ‘ಜ್ವರ ಬಂದೋರು ಇಷ್ಟು ತಿನ್ನಲ್ಲ’ ಎಂದಳು ಹೆಂಡತಿ.

ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಭಾವ ಹೊರಗೆ ಸೈಕಲ್ ತೊಳೆಯುತ್ತಿದ್ದರು. ಅವಳು ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದಳು. ಪೀಠಿಕೆ ಹಾಕಲಿಲ್ಲ.

‘ಎಷ್ಟು ದಿನದಿಂದ ಊದ್ತಿಲ್ಲ ನೀನು?’

ಬೀನ್ಸ್ ಮುರಿಯುವ ಕೈ ನಿಲ್ಲಲಿಲ್ಲ. ‘ನವೆಂಬರ್‌ನಿಂದ.’

ಆಮೇಲೆ ಬಾಯಿ ತೆರೆದು, ಮುಂದಿನ ನಾಲ್ಕು ಹಲ್ಲನ್ನು ಕಳಚಿ ಅಂಗೈ ಮೇಲೆ ಇಟ್ಟುಕೊಂಡಳು. ಎದುರಿಗೆ ಯಾರೋ ಮುದುಕಿ ಕೂತಿದ್ದಳು. ನವೆಂಬರ್‌ನಲ್ಲಿ ಗೆಳತಿಯ ಮನೆಗೆ ಎಂದು ಒಂದು ವಾರ ಹೋಗಿದ್ದಳಲ್ಲ, ಹೋದದ್ದು ಹಲ್ಲಿನ ಡಾಕ್ಟರ ಹತ್ತಿರ. ಬಂದಾಗ ನಗು ಬೆಳ್ಳಗಿತ್ತು. ಯಾವ ಪೇಸ್ಟ್ ಎಂದು ಕೇಳಿದ್ದೆ ನಾನು. ಅಲ್ಪವಿರಾಮ ಬಿಟ್ಟುಹೋದರೂ ಕಾಣುವ ಕಣ್ಣು ನನ್ನದು.

‘ಮುಂದಿನ ಹಲ್ಲಿಲ್ದೆ ತುಟಿ ನಿಲ್ಲಲ್ಲ. ಇದು ಹಾಕ್ಕೊಂಡು ಊದಿದ್ರೆ ಜಾರತ್ತೆ. ಬರೀ ಗಾಳಿ.’

‘ಹೇಳಬಹುದಿತ್ತಲ್ಲ.’

‘ಹೇಳಿದ್ರೆ? ಒಂದು ಭಾಷಣ ಮಾಡಿ, ಒಂದು ಫೋಟೋ ತೆಗೆದು ಮನೆಗೆ ಕಳಿಸ್ತಿದ್ರಿ. ವಾರಕ್ಕೆ ಎರಡು ಸಂಜೆ ಅಲ್ಲಿ ಕೂರ್ತೀನಲ್ಲ, ಅದಕ್ಕೇ ಉಳಿದ ಐದು ದಿನ ಹಾಸಿಗೆಯಿಂದ ಏಳ್ತೀನಿ ಕಣೋ ನಾನು.’

‘ಮತ್ತೆ ಟೈಲರಮ್ಮ?’

ಈಗ ಕೈ ನಿಂತಿತು. ‘ಕೈ ಎತ್ತದೇ ಇದ್ದಿದ್ರೆ ಎಲ್ಲರೂ ನನ್ನ ಕಡೆ ನೋಡ್ತಿದ್ರು.’

ಹುಟ್ಟಿದಾಗಿನಿಂದ ಅಕ್ಕನ ಮೇಲೆ ಇಷ್ಟು ಸಿಟ್ಟು ಬಂದಿರಲಿಲ್ಲ. ಸ್ಪರ್ಧೆ ಮುಗಿಯುವವರೆಗೆ ಸುಮ್ಮನಿರು, ಆಮೇಲೆ ನಾನೇ ಬಿಡುತ್ತೇನೆ ಎಂದಳು. ಆಗಲ್ಲ ಎಂದೆ. ಮುಂದಿನ ಶುಕ್ರವಾರ ಎಲ್ಲರೆದುರು ಮಿನಿಟ್ಸ್ ತಿದ್ದಿ ಓದುತ್ತೇನೆ ಎಂದೆ. ‘ಓದು’ ಎಂದಳು. ಹಲ್ಲಿಲ್ಲದ ಬಾಯಿಂದ ಆ ಮಾತು ಬೇರೆ ಯಾರೋ ಆಡಿದ ಹಾಗೆ ಕೇಳಿತು.

ಮಾರ್ಚ್ 30, ಭಾನುವಾರ

ಟೈಲರಮ್ಮನ ಅಂಗಡಿ. ಭಾನುವಾರವೂ ಮಷಿನ್ ಓಡುತ್ತಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅಕ್ಕ ಊದುತ್ತಿರಲಿಲ್ಲ, ತಪ್ಪು ನಿಮ್ಮದಲ್ಲ, ಕ್ಷಮಿಸಿ ಎಂದೆ.

‘ಗೊತ್ತು ಸರ್’ ಎಂದರು, ಹೊಲಿಗೆಯಿಂದ ತಲೆ ಎತ್ತದೆ.

ಗೊತ್ತು!

‘ಪಕ್ಕದಲ್ಲೇ ಕೂರ್ತಿದ್ದವಳು ನಾನು. ಆ ಕಡೆ ಕಿವಿಗೆ ಏನೂ ಬರ್ತಿರ್ಲಿಲ್ಲ. ನೀವು ಉಸಿರೆಳೆಯೋ ಕಡೆ ನಾನೇ ನಿಮ್ಮ ರಾಗ ಊದಿ ಮುಚ್ತಿದ್ದೆ. ಏಳನೇ ಮನೇಲಿ ಮಾತ್ರ ಆಗ್ತಿರ್ಲಿಲ್ಲ. ಅಲ್ಲಿ ನನ್ನ ಸ್ವರ ನಾನು ಊದಲೇಬೇಕಿತ್ತು.’

ಹಾಗಾದರೆ ತೂತು ಮಾಡುತ್ತಿದ್ದಾರೆ ಎಂದು ನಾವು ಹೊರಗೆ ಕಳಿಸಿದ್ದು, ನಾಲ್ಕು ತಿಂಗಳಿಂದ ತೂತು ಮುಚ್ಚುತ್ತಿದ್ದವರನ್ನು.

‘ಕಮಿಟಿಗೆ ಹೇಳಬೇಕಿತ್ತಲ್ಲಮ್ಮ’ ಎಂದೆ.

ಮಷಿನ್ ನಿಂತಿತು. ‘ಯಾರಿಗೆ ಹೇಳ್ಲಿ? ಮೂವತ್ತು ವರ್ಷ ಜೊತೆಗೆ ಊದಿದ ತಮ್ಮ ನೀವು. ನಿಮಗೆ ಗೊತ್ತಿಲ್ಲ ಅಂತ ಯಾರು ಅಂದ್ಕೋತಾರೆ? ಇಬ್ಬರೂ ಸೇರಿ ಮುಚ್ಚಿಟ್ಟು ನನ್ನ ಬಲಿ ಕೊಟ್ರಿ ಅಂದ್ಕೊಂಡೆ.’

‘ನನಗೆ ನಿಜವಾಗಿ ಗೊತ್ತಿರಲಿಲ್ಲ.’

ನನ್ನ ಮುಖ ನೋಡಿದರು. ನಂಬಿದರು ಅನ್ನಿಸುತ್ತದೆ. ‘ಅದು ಇನ್ನೂ ಕೆಟ್ಟದ್ದು ಸರ್’ ಎಂದರು.

ಶುಕ್ರವಾರ ಬರಬೇಕು ಎಂದು ಕೇಳಿಕೊಂಡೆ. ನೋಡೋಣ ಎಂದರು.

ಏಪ್ರಿಲ್ 4, ಶುಕ್ರವಾರ

ಮನೆಗೆ ಬಂದ ತಕ್ಷಣ ಬರೆಯುತ್ತಿದ್ದೇನೆ.

ಟೈಲರಮ್ಮ ಬಂದು ಬಾಗಿಲ ಬಳಿ ನಿಂತಿದ್ದರು. ಅವರ ಕುರ್ಚಿ ತೆಗೆಸಿ ಮೂಲೆಗೆ ಹಾಕಿಸಿದ್ದವನು ನಾನೇ. ಅಕ್ಕ ತನ್ನ ಜಾಗದಲ್ಲಿ. ಮೇಷ್ಟ್ರು, ‘ಏನೋ ಓದಬೇಕು ಅಂದ್ರಲ್ಲ’ ಎಂದರು. ಎದ್ದೆ. ‘ಮಾರ್ಚ್ 14ರ ನಿರ್ಣಯಕ್ಕೆ ತಿದ್ದುಪಡಿ’ ಎಂದು ಮೊದಲ ಸಾಲು ಓದಿದೆ.

ಎರಡನೆಯದಕ್ಕೆ ಹೋಗುವ ಮೊದಲೇ ಅಕ್ಕ ಹಾರ್ನ್ ಎತ್ತಿದಳು. ಆ ರಾಗ ಶುರು ಮಾಡಿದಳು, ಒಬ್ಬಳೇ. ಬರೀ ಗಾಳಿ. ಸೈಕಲ್ ಟ್ಯೂಬಿನಿಂದ ಇಳಿಯುತ್ತದಲ್ಲ, ಅಂಥದು. ಬೆರಳು ಒಂದೂ ತಪ್ಪಲಿಲ್ಲ. ನಿಲ್ಲಿಸುತ್ತಾಳೆ, ಈಗ ನಿಲ್ಲಿಸುತ್ತಾಳೆ ಎಂದು ಕಾದೆ. ನಿಲ್ಲಿಸಲಿಲ್ಲ. ಹದಿನಾರೂ ಮನೆ ಮುಗಿಸಿದಳು.

ಹಾರ್ನ್ ಇಳಿಸಿ ಬಾಗಿಲ ಕಡೆ ತಿರುಗಿದಳು. ‘ಇಷ್ಟೇಮ್ಮ ನನ್ನ ಹತ್ರ ಇರೋದು. ಅವತ್ತು ಕೈ ಎತ್ತಿದಾಗಲೂ ಇಷ್ಟೇ ಇತ್ತು.’

ಟೈಲರಮ್ಮ ಒಳಗೆ ಬಂದರು. ಅಕ್ಕನ ಪಕ್ಕದಲ್ಲಿ ಖಾಲಿ ಇದ್ದದ್ದು ನಾನು ಎದ್ದ ಕುರ್ಚಿ ಒಂದೇ. ಅದರಲ್ಲಿ ಕೂತರು. ಅಕ್ಕನ ಕೈ ಹಿಡಿದುಕೊಂಡರು. ಅಕ್ಕ ಅತ್ತಳು. ಮೇಷ್ಟ್ರು ನೀರು ತಂದುಕೊಟ್ಟರು.

ನಾನು ಹಾಳೆ ಹಿಡಿದು ನಿಂತೇ ಇದ್ದೆ. ಉಳಿದ ಸಾಲುಗಳ ಮೇಲೆ ಕಣ್ಣು ಹೋಯಿತು. ದೋಷಕ್ಕೆ ಕಾರಣ ಇಂಥವರಲ್ಲ, ಇಂಥವರು ಎಂದು ಬರೆದಿದ್ದೆ. ಟೈಲರಮ್ಮನನ್ನು ಹೊಡೆದುಹಾಕಿ ಅಕ್ಕನನ್ನು ಸೇರಿಸಿದ್ದೆ, ಅಷ್ಟೇ. ನಾನು ಎಲ್ಲೂ ಇರಲಿಲ್ಲ. ನಾಲ್ಕು ಸಲ ತಿದ್ದಿದ್ದೇನೆ ಆ ಹಾಳೆಯನ್ನು, ಕಂಡಿರಲಿಲ್ಲ.

‘ಮುಂದೆ ಓದಿ’ ಎಂದರು ಮೇಷ್ಟ್ರು.

ಹಾಳೆ ಮಡಚಿದೆ. ಬಾಯಿಗೆ ಬಂದದ್ದು ಹೇಳಿದೆ. ‘ಆ ನಿರ್ಣಯ ಮಂಡಿಸಿದವನು ನಾನು. ಯಾರನ್ನೂ ಕೇಳಲಿಲ್ಲ. ಪಕ್ಕದಲ್ಲೇ ಕೂತಿದ್ದೆ, ನಾಲ್ಕು ತಿಂಗಳು, ನಮ್ಮಕ್ಕನ್ನ ಒಂದು ದಿನಾನೂ ನಾನು ಕಿವಿಗೊಟ್ಟು ಕೇಳಲಿಲ್ಲ.’