ಅವ್ವ ನಿನ್ನ ಕಾರು ಹತ್ತಿದಳು

ವಾಮನಣ್ಣಾ,

ನಿನ್ನ ಪಲ್ಟನ್ನಿನ ವಿಳಾಸಕ್ಕೆ ಬರೆದದ್ದೆಲ್ಲ ವಾಪಸು ಬರುತ್ತಿದೆ. ಇದನ್ನು ಕಳಿಸುವುದಿಲ್ಲ.

ಬರ್ಮಾದಿಂದ ಖಡಕಿಯ ಆಸ್ಪತ್ರೆಗೆ ಬಂದ ಗಾಯಾಳುಗಳಲ್ಲಿ, ತನ್ನ ಹೆಸರು ಹೇಳಲಾರದ ಒಬ್ಬನು ನಿನ್ನಂತೆಯೇ ಇದ್ದಾನೆಂದು ಇಂದು ಬೆಳಿಗ್ಗೆ ಸುದ್ದಿ ಬಂತು. ಟಾಂಗಾ ಸಿಗಲಿಲ್ಲ. ಮೇಲ್ಛಾವಣಿಯಿಲ್ಲದ ನಿನ್ನ ಪುಟ್ಟ ಕಾರನ್ನು ನಾನೇ ಹೊರತೆಗೆದೆ. ಚರ್ಮದ ಸೀಟು ಮೈಲಿಗೆಯೆಂದು, ನೀನೆಷ್ಟು ಕರೆದರೂ ಹತ್ತದ ಅವ್ವ ಮಡಿಸೀರೆಯಲ್ಲೇ ಬಂದು ಕೂತಳು.

"ಲಗೂ ಹೊಡಿ, ಭಾಮಾ!"

"ಬಾಗಲಾ ಗಟ್ಟಿ ಹಿಡಕೋ ಅವ್ವಾ!"

ಲಕಡಿ ಪುಲ್ ಸೇತುವೆಯ ಮೇಲೆ ಎತ್ತಿನ ಗಾಡಿ ಅಡ್ಡ ಬಂತು. ಬ್ರೇಕು ಒತ್ತಿದರೆ ಹಗುರ ಕಾರು ಪಕ್ಕಕ್ಕೆ ಜಾರಿತು. ಅವ್ವ ಕಣ್ಣು ಕೂಡ ಮುಚ್ಚಲಿಲ್ಲ.

ಆಸ್ಪತ್ರೆಯಲ್ಲಿದ್ದವನು ನೀನಲ್ಲ.

ಮನೆಗೆ ಬಂದು ಅವ್ವನ ಸ್ನಾನಕ್ಕೆ ನೀರು ಕಾಯಿಸಿದೆ. ಅದು ಆರಿಯೂ ಹೋಯಿತು. ಅವಳಿನ್ನೂ ಕಾರಿನಲ್ಲೇ ಇದ್ದಾಳೆ, ನೀನು ಕೂರುತ್ತಿದ್ದ ಸೀಟಿನ ಮೇಲೆ ಅಂಗೈ ಊರಿಕೊಂಡು. ಒಳಗೆ ಕರೆಯಲು ನನಗೆ ಹೆದರಿಕೆಯಾಗುತ್ತಿದೆ.